ಅಳೆದು ಬರೆದಿಟ್ಟವರ ನಾಡು: ಒಲಿಂಪಿಕ್ ಕಣದಲ್ಲಿ ಕನ್ನಡಿಗರು ಮತ್ತು ನಮ್ಮ ಐದು ತಾಲ್ಲೂಕುಗಳು

2012ರ ಸೆಪ್ಟೆಂಬರ್ 3ರಂದು ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಪುರುಷರ ಎತ್ತರ ಜಿಗಿತದ ಎಫ್42 ವಿಭಾಗದ ಸ್ಪರ್ಧೆ ನಡೆಯಿತು. ಹಾಸನ ಜಿಲ್ಲೆಯ ರೈತ ಕುಟುಂಬದ ಎಚ್.ಎನ್. ಗಿರೀಶ್ 1.74 ಮೀಟರ್ ದಾಟಿದರು. ಫಿಜಿ ದೇಶದ ಇಲಿಯೆಸಾ ಡೆಲಾನಾ ದಾಟಿದ್ದೂ ಅಷ್ಟೇ ಎತ್ತರ. ತಪ್ಪಿದ ಪ್ರಯತ್ನಗಳ ಲೆಕ್ಕ ಹಿಡಿದಾಗ ಚಿನ್ನ ಡೆಲಾನಾಗೆ ಹೋಯಿತು, ಬೆಳ್ಳಿ ಗಿರೀಶ್‌ಗೆ ಬಂತು. ಆ ಕೂಟದಲ್ಲಿ ಇಡೀ ಭಾರತಕ್ಕೆ ದಕ್ಕಿದ್ದು ಅದೊಂದೇ ಪದಕ. ಫಿಜಿಗೆ ಅದು ಪ್ಯಾರಾಲಿಂಪಿಕ್ಸ್‌ನ ಮೊಟ್ಟಮೊದಲ ಪದಕ.

ಫಿಜಿಯ ಜನಸಂಖ್ಯೆ ಸುಮಾರು 9 ಲಕ್ಷ. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಸೇರಿದ ನಮ್ಮ ವಿಜಯನಗರ ಜಿಲ್ಲೆಯ ಜನ 2011ರ ಗಣತಿಯಲ್ಲೇ 13 ಲಕ್ಷ ದಾಟಿದ್ದರು. ಪುಟ್ಟ ಫಿಜಿ 2016ರಲ್ಲಿ ರಿಯೊದಲ್ಲಿ ಸೆವೆನ್ಸ್ ರಗ್ಬಿಯ ಚಿನ್ನವನ್ನೂ ಗೆದ್ದು, ಆ ಗೆಲುವಿನ ನೆನಪಿಗೆ 7 ಡಾಲರಿನ ನೋಟನ್ನೇ ಅಚ್ಚು ಹಾಕಿಸಿತು. ಕೆರಿಬಿಯನ್ನಿನ ಗ್ರೆನಡಾ ಇನ್ನೂ ಚಿಕ್ಕದು, ಅಲ್ಲಿನ ಜನರೆಲ್ಲ ಸೇರಿದರೂ ಹರಪನಹಳ್ಳಿ ತಾಲ್ಲೂಕಿನ ಅರ್ಧದಷ್ಟಾಗುವುದಿಲ್ಲ. ಆ ದೇಶದ ಮೀನುಗಾರರ ಊರಿನ ಹುಡುಗ ಕಿರಾನಿ ಜೇಮ್ಸ್ 2012ರಲ್ಲಿ 400 ಮೀಟರ್ ಓಟದ ಚಿನ್ನ ಗೆದ್ದ. 2024ರಲ್ಲಿ ಪ್ಯಾರಿಸ್‌ನ ಜಾವೆಲಿನ್ ಎಸೆತದಲ್ಲಿ ನೀರಜ್ ಚೋಪ್ರಾ ಬೆಳ್ಳಿ ಗೆದ್ದಾಗ ಕಂಚು ಗೆದ್ದ ಆಂಡರ್ಸನ್ ಪೀಟರ್ಸ್ ಕೂಡ ಗ್ರೆನಡಾದವನೇ.

ಪದಕಕ್ಕೂ ತಲೆಎಣಿಕೆಗೂ ನೇರ ನಂಟಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಾಗಾದರೆ ನಂಟಿರುವುದು ಯಾವುದಕ್ಕೆ? ಕನ್ನಡನಾಡಿನ ನೂರು ವರ್ಷಗಳ ಒಲಿಂಪಿಕ್ ಚರಿತ್ರೆಯನ್ನು ಓದಿದರೆ ಉತ್ತರ ಸಿಗುತ್ತದೆ. ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟು ಉಳಿದ ನಮ್ಮ ಐದು ತಾಲ್ಲೂಕುಗಳು ಆ ಚರಿತ್ರೆಯಲ್ಲಿ ಎಲ್ಲಿ ನಿಂತಿವೆ, ಮುಂದೆ ಎಲ್ಲಿ ನಿಲ್ಲಬಹುದು ಎಂಬುದೂ ಅದರಲ್ಲೇ ಇದೆ.

ಹಂಚಿಹೋದ ನಾಡು, ಬೆಳಗಾವಿಯ ಓಟಗಾರ

1920ರಲ್ಲಿ ಕರ್ನಾಟಕ ಎಂಬ ರಾಜ್ಯವಿರಲಿಲ್ಲ. ಬೆಳಗಾವಿ, ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದವು. ರಾಯಚೂರು, ಕಲಬುರಗಿ ನಿಜಾಮರ ಕೈಯಲ್ಲಿದ್ದವು. ಮೈಸೂರು ಒಡೆಯರ ಸಂಸ್ಥಾನ, ಕೊಡಗು ಬೇರೆಯೇ ಆಡಳಿತ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳು ಬಳ್ಳಾರಿ ಜಿಲ್ಲೆಯೊಳಗೆ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಹೀಗೆ ಐದಾರು ಕಡೆ ಹರಿದು ಹಂಚಿಹೋಗಿದ್ದ ನಾಡಿನಿಂದ ಒಬ್ಬ ಓಟಗಾರ ಆ ವರ್ಷ ಬೆಲ್ಜಿಯಂನ ಆಂಟ್‌ವರ್ಪ್‌ಗೆ ಹೋದ. ಅವನೇ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಅವನು ಅಲ್ಲಿಗೆ ಹೋದ ಬಗೆಯನ್ನು ತುಸು ವಿವರವಾಗಿಯೇ ಹೇಳಬೇಕು. ಪುಣೆಯ ಡೆಕ್ಕನ್ ಜಿಮ್ಖಾನಾ ಪ್ರತಿವರ್ಷ ಕ್ರೀಡಾಕೂಟ ನಡೆಸುತ್ತಿತ್ತು. ಅದರ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾ ಒಮ್ಮೆ ಅಲ್ಲಿನ ಓಟಗಳನ್ನು ನೋಡಿದರು. ಓಡಿದವರು ಹೆಚ್ಚಿನವರು ಹಳ್ಳಿಯ ರೈತಾಪಿ ಹುಡುಗರು. ಕಾಲಿಗೆ ಬೂಟಿಲ್ಲ, ತರಬೇತಿಯ ಗಂಧವಿಲ್ಲ. ಆದರೂ ಕೆಲವರು ತೆಗೆದುಕೊಂಡ ಸಮಯ ಯುರೋಪಿನ ಓಟಗಾರರ ಸಮಯಕ್ಕೆ ಹತ್ತಿರ ಇತ್ತು. ಅದನ್ನು ಕಂಡೇ ಟಾಟಾ ಅವರು ಭಾರತದಿಂದ ಒಂದು ತಂಡ ಕಳಿಸಲು ಓಡಾಡಿದರು, ಹಣವನ್ನೂ ಹಾಕಿದರು. ಚೌಗುಲೆ ಆ ಚಿಕ್ಕ ತಂಡದಲ್ಲಿದ್ದ.

ಆಂಟ್‌ವರ್ಪ್‌ನ ಮ್ಯಾರಥಾನ್ ಇಂದಿನ ಅಳತೆಗಿಂತ ಉದ್ದ, 42.75 ಕಿಲೋಮೀಟರ್. ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಅದನ್ನು ಮುಗಿಸಿ 19ನೆಯವನಾದ. ಗೆದ್ದ ಫಿನ್ಲೆಂಡಿನ ಹಾನೆಸ್ ಕೋಲೆಮೈನೆನ್‌ಗೂ ಅವನಿಗೂ ನಡುವೆ ಹದಿನೆಂಟು ನಿಮಿಷಗಳ ಅಂತರ. ಪದಕ ಬರಲಿಲ್ಲ. ಆದರೆ ಭಾರತ ಸಂಘಟಿತವಾಗಿ ತಂಡ ಕಳಿಸಿದ ಮೊದಲ ಒಲಿಂಪಿಕ್ಸ್‌ನಲ್ಲಿ, ಜಗತ್ತಿನ ಅತಿ ಕಠಿಣ ಓಟವನ್ನು ಕೊನೆ ಮುಟ್ಟಿಸಿದವನು ನಮ್ಮ ನೆಲದವನು ಎಂಬುದು ಶಾಶ್ವತವಾಗಿ ದಾಖಲಾಯಿತು.

ಚೌಗುಲೆಯ ಕಾಲಲ್ಲಿ ಕಸುವು ಪುಣೆಗೆ ಹೋಗುವ ಮೊದಲೂ ಇತ್ತು. ಅಂಥ ಕಾಲುಗಳು ಆ ಕಾಲಕ್ಕೆ ಕೂಡ್ಲಿಗಿಯ ಬೆದ್ದಲು ಹೊಲಗಳಲ್ಲೂ, ಹಡಗಲಿಯ ಎರೆನೆಲದಲ್ಲೂ ಇದ್ದಿರಲೇಬೇಕು. ಪುಣೆಯಲ್ಲಿ ಒಂದು ಸಂಸ್ಥೆ ಇತ್ತು, ಅಲ್ಲೊಬ್ಬರ ಕೈಯಲ್ಲಿ ಗಡಿಯಾರ ಇತ್ತು, ಆ ಗಡಿಯಾರ ತೋರಿಸಿದ್ದನ್ನು ಹೊರಜಗತ್ತಿನ ಲೆಕ್ಕದೊಂದಿಗೆ ತಾಳೆ ನೋಡಬಲ್ಲವರು ಇದ್ದರು. ಇಲ್ಲಿ ಅದು ಇರಲಿಲ್ಲ. ಮುಂದಿನ ನೂರು ವರ್ಷಗಳ ಕಥೆಯೆಲ್ಲ ಈ ಒಂದು ವ್ಯತ್ಯಾಸದ ವಿಸ್ತಾರವೇ.

ಮೈಸೂರಿನ ಬರಿಗಾಲ ಫುಟ್‌ಬಾಲ್

ಸ್ವತಂತ್ರ ಭಾರತ ತನ್ನ ಬಾವುಟದಡಿ ಮೊದಲ ಬಾರಿ ಒಲಿಂಪಿಕ್ಸ್‌ಗೆ ಹೋದದ್ದು 1948ರಲ್ಲಿ, ಲಂಡನ್ನಿಗೆ. ಆ ಫುಟ್‌ಬಾಲ್ ತಂಡದಲ್ಲಿ ಮೈಸೂರಿನ ಪರ ಆಡಿ ಬೆಳೆದವರು ಹಲವರಿದ್ದರು. ಜುಲೈ 31ರಂದು ಇಲ್ಫರ್ಡ್‌ನಲ್ಲಿ ಫ್ರಾನ್ಸ್ ಎದುರು ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ಮುಂದಿದ್ದಾಗ ಮೈಸೂರಿನ ಸಾರಂಗಪಾಣಿ ರಾಮನ್ ಸಮಬಲದ ಗೋಲು ಹೊಡೆದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು. ಎರಡು ಪೆನಾಲ್ಟಿಗಳು ಕೈತಪ್ಪಿ, ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು.

ಆ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1952ರಲ್ಲಿ ಹೆಲ್ಸಿಂಕಿಗೂ ಹೋದರು. ಯುಗೊಸ್ಲಾವಿಯಾ ನಮ್ಮ ಮೇಲೆ ಹತ್ತು ಗೋಲು ಹೊಡೆದ ಆ ಪಂದ್ಯದಲ್ಲಿ ಭಾರತದ ಒಂದೇ ಒಂದು ಗೋಲು ಅವರದ್ದು. ಭಾರತ ನಾಲ್ಕನೇ ಸ್ಥಾನಕ್ಕೇರಿದ 1956ರ ಮೆಲ್ಬರ್ನ್ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು, 1960ರ ರೋಮ್‌ಗೂ ಅವರು ಹೋದರು.

ಈ ಸಾಲು ದಿಢೀರನೆ ಹುಟ್ಟಿದ್ದಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಸೈನ್ಯದವರ ಜೊತೆ ಆಡುತ್ತ ಆಡುತ್ತ ಹಲಸೂರು, ಗೌತಮಪುರ, ಆಸ್ಟಿನ್ ಟೌನ್‌ಗಳ ಬಡ ಮನೆಗಳ ಹುಡುಗರು ಪಳಗಿದರು. ಬೆಂಗಳೂರು ಮುಸ್ಲಿಮ್ಸ್ ಕ್ಲಬ್ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ತಂಡ 1946–47ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಲಂಡನ್‌ಗೆ ಹೋದವರ ಹಿಂದೆ ಒಂದು ಕ್ಲಬ್ಬು, ಒಂದು ಲೀಗು, ಒಂದು ಮೈದಾನ, ವರ್ಷಕ್ಕೊಂದು ಕಪ್ಪು ಇದ್ದವು. ಮುಂದೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದ ಮೇಲೆ ಆಟ ಆಡಿ ಹೊಟ್ಟೆ ಹೊರೆಯಬಹುದೆಂಬ ನೆಚ್ಚಿಕೆ ಹುಟ್ಟಿತು.

ಕೊಡಗಿನ ಹಾಕಿ

ಕನ್ನಡನಾಡಿನ ಒಲಿಂಪಿಕ್ ಲೆಕ್ಕದಲ್ಲಿ ದೊಡ್ಡ ಪಾಲು ಅತಿ ಕಡಿಮೆ ಜನರಿರುವ ಜಿಲ್ಲೆಯದು. 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ಹಾಕಿ ತಂಡದಲ್ಲಿ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇಬ್ಬರೂ ಇದ್ದರು. ಮರುವರ್ಷ ಗಣೇಶ್ ನಾಯಕತ್ವದಲ್ಲಿ ಭಾರತ ವಿಶ್ವಕಪ್‌ನ ಬೆಳ್ಳಿ ಗೆದ್ದಿತು. 1975ರಲ್ಲಿ ವಿಶ್ವಕಪ್ ಎತ್ತಿದ ತಂಡದಲ್ಲಿ ಗೋವಿಂದ ಇದ್ದರು. 1980ರ ಮಾಸ್ಕೋದಲ್ಲಿ ಭಾರತಕ್ಕೆ ಹಾಕಿಯ ಚಿನ್ನ ಬಂದಾಗ ಎಂ.ಎಂ. ಸೋಮಯ್ಯ ತಂಡದಲ್ಲಿದ್ದರು, 1988ರ ಸೋಲ್‌ನಲ್ಲಿ ಅವರೇ ನಾಯಕರು. ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಹೀಗೆ ಸಾಲು ಮುಂದುವರಿಯಿತು.

ಕೊಡವರ ಮೈಕಟ್ಟು, ಅಲ್ಲಿನ ಗಾಳಿ ಎಂದೆಲ್ಲ ಇದಕ್ಕೆ ಕಾರಣ ಹೇಳುವವರಿದ್ದಾರೆ. ಕಾರಣ ಅಷ್ಟು ಗೂಢವಲ್ಲ. ಸೈನ್ಯಕ್ಕೆ ಸೇರುವ ಪರಂಪರೆ ಹಾಕಿಯನ್ನು ಮನೆಮನೆಗೆ ತಂದಿತು. ಶಾಲೆಗಳಲ್ಲಿ ಕೋಲು, ಚೆಂಡು ಸಿಕ್ಕವು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಆರಂಭಿಸಿದಾಗ 60 ಕುಟುಂಬಗಳು ಬಂದವು. ಪ್ರತಿ ಸಲ ಒಂದೊಂದು ಕುಟುಂಬ ಹೊಣೆ ಹೊತ್ತು ನಡೆಸುತ್ತ ಬಂದ ಆ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳು ಆಡಿದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಬಹುದಾದ ಪಂದ್ಯಾವಳಿ ಅದು. ಸರ್ಕಾರದ ಆದೇಶವಿಲ್ಲದೆ, ಊರಿನವರೇ ಕಟ್ಟಿ ಕಾಪಾಡಿಕೊಂಡ ಇಂಥ ಸಂಸ್ಥೆ ನಮ್ಮ ಕಡೆಯ ಜನರಿಗೆ ದೊಡ್ಡ ಪಾಠ. ಜಾತ್ರೆ, ರಥೋತ್ಸವಗಳನ್ನು ಶತಮಾನಗಳಿಂದ ಸರದಿ ತಪ್ಪದೆ ನಡೆಸಿಕೊಂಡು ಬಂದ ಊರುಗಳಿಗೆ ಇದು ಅಸಾಧ್ಯವೇನಲ್ಲ.

ಟ್ರ್ಯಾಕ್, ಕೊಳ, ಅಂಕಣ

ಅಥ್ಲೆಟಿಕ್ಸ್‌ನಲ್ಲಿ ಚೌಗುಲೆಯ ನಂತರ ನೆನೆಯಬೇಕಾದವರು ಕೋಲಾರ ಮೂಲದ ಕೆನೆತ್ ಪೊವೆಲ್. 1964ರ ಟೋಕಿಯೊದಲ್ಲಿ ಅವರಿದ್ದ 4x100 ರಿಲೇ ತಂಡ ಸೆಮಿಫೈನಲ್ ತಲುಪಿತು. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಜೊತೆ 4x400 ರಿಲೇ ಫೈನಲ್ ಓಡಿದ ನಾಲ್ವರಲ್ಲಿ ಕರ್ನಾಟಕದ ವಂದನಾ ರಾವ್ ಒಬ್ಬರು. ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ 2012ರ ಲಂಡನ್‌ನ ಡಿಸ್ಕಸ್ ಫೈನಲ್‌ನಲ್ಲಿ ಎಂಟನೆಯವರಾದರು, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದರು. ಎಂ.ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಕೂಟಗಳ ರಿಲೇ ಚಿನ್ನದ ತಂಡಗಳಲ್ಲಿ ಓಡಿದರು.

ಈಜಿನಲ್ಲಿ ಬೆಂಗಳೂರಿನ ಕೊಳಗಳು ನಿರಂತರವಾಗಿ ಒಲಿಂಪಿಯನ್ನರನ್ನು ಕೊಟ್ಟಿವೆ. 2000ದ ಸಿಡ್ನಿಗೆ ನಿಶಾ ಮಿಲೆಟ್, ಟೋಕಿಯೊ ಮತ್ತು ಪ್ಯಾರಿಸ್‌ಗೆ ಶ್ರೀಹರಿ ನಟರಾಜ್, ಪ್ಯಾರಿಸ್‌ಗೆ 14ರ ಬಾಲೆ ಧಿನಿಧಿ ದೇಸಿಂಗು. ಗಾಲ್ಫ್‌ನಲ್ಲಿ ಅದಿತಿ ಅಶೋಕ್ ಟೋಕಿಯೊದಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದು ಕೂದಲೆಳೆಯಲ್ಲಿ ಪದಕ ತಪ್ಪಿಸಿಕೊಂಡರು. ಇವೆಲ್ಲ ನಗರದ ಸೌಕರ್ಯದಿಂದ ಬಂದ ಸಾಧನೆಗಳು, ನಮ್ಮೂರುಗಳಿಗೆ ದೂರದವು ಅನ್ನಿಸಬಹುದು.

ಹಾಗಾದರೆ ನಮಗೆ ಹತ್ತಿರದವನ್ನು ನೋಡೋಣ. ಕುಂದಾಪುರ ಕಡೆಯ ಲಾರಿ ಚಾಲಕರ ಮಗ ಗುರುರಾಜ ಪೂಜಾರಿ ಮೊದಲು ಕುಸ್ತಿ ಹಿಡಿದಿದ್ದವರು. ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವುದನ್ನು ಕಲಿತರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತದ ಪದಕಗಳ ಖಾತೆ ತೆರೆದದ್ದೇ ಅವರು. ಕಾರ್ಕಳ ತಾಲ್ಲೂಕಿನ ಹಳ್ಳಿಯಿಂದ ಬಂದ ಮಮತಾ ಪೂಜಾರಿ ಮತ್ತು ಬೆಂಗಳೂರಿನ ತೇಜಸ್ವಿನಿ ಬಾಯಿ 2010ರ ಗುವಾಂಗ್‌ಝೌ, 2014ರ ಇಂಚಿಯಾನ್ ಎರಡೂ ಏಷ್ಯನ್ ಕೂಟಗಳಲ್ಲಿ ಕಬಡ್ಡಿ ಚಿನ್ನ ಗೆದ್ದ ತಂಡದಲ್ಲಿದ್ದರು. ಶಿರಸಿ ಕಡೆಯ ಕಾಶಿನಾಥ ನಾಯ್ಕ 2010ರ ದೆಹಲಿ ಕಾಮನ್‌ವೆಲ್ತ್ ಕೂಟದ ಜಾವೆಲಿನ್‌ನಲ್ಲಿ ಕಂಚು ಗೆದ್ದರು. ವಿಜಯಪುರದ ರಾಜೇಶ್ವರಿ ಗಾಯಕವಾಡ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಚಿನ್ನ ಗೆದ್ದ ಕ್ರಿಕೆಟ್ ತಂಡದಲ್ಲಿದ್ದರು. ಭಾರ ಎತ್ತುವುದು, ಕಬಡ್ಡಿ, ಎಸೆತ ಇವು ಯಾವುದಕ್ಕೂ ದುಬಾರಿ ಕೊಳ ಬೇಡ, ಹುಲ್ಲುಹಾಸು ಬೇಡ.

ನಮ್ಮ ಐದು ತಾಲ್ಲೂಕುಗಳ ದಾರಿ

ಕ್ರೀಡೆಗೆ ಬೇಕಾದ ಮೊದಲ ವಸ್ತು ಸ್ಥಿರವಾದ ಏಣಿ: ಶಾಲೆ, ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ನಮ್ಮ ತಾಲ್ಲೂಕುಗಳ ಮಟ್ಟಿಗೆ ಈ ಏಣಿಯೇ ಪದೇಪದೇ ಜಾಗ ಬದಲಿಸಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಎರಡು ದಶಕಗಳ ನಂತರ ಸಂವಿಧಾನದ 371ಜೆ ವಿಧಿಯ ವಿಶೇಷ ಸೌಲಭ್ಯದೊಂದಿಗೆ ಬಳ್ಳಾರಿಗೆ ಮರಳಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾಯಿತು. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಯಾಗಿ ಐದೂ ತಾಲ್ಲೂಕುಗಳು ಹೊಸಪೇಟೆಯ ಆಡಳಿತಕ್ಕೆ ಬಂದವು. ಹರಪನಹಳ್ಳಿಯ ಒಂದೇ ಮನೆಯಲ್ಲಿ ಅಣ್ಣ ಜಿಲ್ಲಾ ಮಟ್ಟದ ಓಟಕ್ಕೆ ದಾವಣಗೆರೆಗೆ, ತಮ್ಮ ಬಳ್ಳಾರಿಗೆ, ತಂಗಿ ಹೊಸಪೇಟೆಗೆ ಹೋಗಬೇಕಾದ ಕಾಲ ಇದು. ಜಿಲ್ಲೆ ಬದಲಾದಾಗ ತರಬೇತುದಾರರ ಪರಿಚಯ, ಹಿಂದಿನ ಫಲಿತಾಂಶಗಳ ಕಡತ, ಆಯ್ಕೆದಾರರ ಕಣ್ಣು ಎಲ್ಲವೂ ಹೊಸದಾಗಿ ಮೊದಲಾಗಬೇಕು.

ಆದರೂ ಕೆಳಗಿನ ಮೆಟ್ಟಿಲು ಗಟ್ಟಿಯಾಗಿದೆ. ಆಗಸ್ಟ್ ಬಂತೆಂದರೆ ಶಾಲೆಗಳ ಕ್ರೀಡಾಕೂಟ. ಬೆಳಗಿನ ಆರಕ್ಕೇ ಪಿಟಿ ಮೇಷ್ಟ್ರು ಹೈಸ್ಕೂಲ್ ಮೈದಾನಕ್ಕೆ ಬಂದು ಹಗ್ಗ ಎಳೆಯುತ್ತಾರೆ, ಇಬ್ಬರು ಹುಡುಗರು ಸುಣ್ಣದ ಪುಡಿಯ ಬುಟ್ಟಿ ಹಿಡಿದು ಹಗ್ಗದ ಗುಂಟ ಗೆರೆ ಎಳೆಯುತ್ತಾರೆ. ರಾತ್ರಿ ಮಳೆ ಬಿದ್ದಿದ್ದರೆ ಕೂಡ್ಲಿಗಿ ಕಡೆಯ ಕೆಮ್ಮಣ್ಣಿನಲ್ಲಿ ಓಡಬಹುದು, ಎರೆಮಣ್ಣಿನ ಮೈದಾನವಾದರೆ ಹೊತ್ತು ಏರುವವರೆಗೆ ಕಾಯಬೇಕು. ಟ್ರ್ಯಾಕ್ಸಿನಲ್ಲಿ, ಟಂಟಂನಲ್ಲಿ ಹಳ್ಳಿಹಳ್ಳಿಯ ಮಕ್ಕಳು ಬಂದಿಳಿಯುತ್ತಾರೆ. ಖೋಖೋ ಪಂದ್ಯಕ್ಕೆ ಸೀಟಿ ಊದುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಹುಡುಗಿಯರ 800 ಮೀಟರ್ ಹೊರಟಿರುತ್ತದೆ. ಮುಂದಿದ್ದವಳು ಬರಿಗಾಲಲ್ಲೇ ಓಡಿ, ಎರಡನೆಯವಳಿಗಿಂತ ಅರ್ಧ ಸುತ್ತು ಮೊದಲೇ ಮುಟ್ಟುತ್ತಾಳೆ. ಮೇಷ್ಟ್ರು ಅವಳ ಚೆಸ್ಟ್ ನಂಬರ್ ಬರೆದುಕೊಳ್ಳುತ್ತಾರೆ: ಪ್ರಥಮ.

ಅಲ್ಲಿಗೆ ಮುಗಿಯಿತು. ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂಬುದು ಬಹಳಷ್ಟು ಕಡೆ ಯಾರ ಪುಸ್ತಕಕ್ಕೂ ಏರುವುದಿಲ್ಲ. ಪ್ರಮಾಣಪತ್ರದಲ್ಲಿ ಸ್ಥಾನ ಇರುತ್ತದೆ, ಸಮಯ ಇರುವುದಿಲ್ಲ. ಆ ಹುಡುಗಿ ಜಿಲ್ಲೆಗೆ ಹೋಗಿ ಮೂರನೆಯವಳಾದರೆ ಅವಳ ಓಟ ಅಲ್ಲಿಗೆ ನಿಂತಿತು. ಅವಳ ಸಮಯ ರಾಜ್ಯದ ಉತ್ತಮ ಸಮಯಕ್ಕೆ ಎಷ್ಟು ಹತ್ತಿರವಿತ್ತೆಂದು ಅವಳಿಗಾಗಲಿ, ಅವಳ ಅಪ್ಪ ಅವ್ವನಿಗಾಗಲಿ ಯಾರೂ ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯುತ್ತದೆ, ಕಾಲೇಜು ದೂರ, ಮನೆಯಲ್ಲಿ ಕೆಲಸ. ಪುಣೆಯಲ್ಲಿ 1919ರ ಸುಮಾರಿಗೆ ಒಂದು ಗಡಿಯಾರ ಮಾಡಿದ ಕೆಲಸ ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಆಗಿಲ್ಲ.

ನಮ್ಮಲ್ಲಿ ಆಟದ ಬಲಕ್ಕೆ ಕೊರತೆ ಎಂದೂ ಇರಲಿಲ್ಲ. ಗರಡಿಮನೆಗಳ ಕೆಮ್ಮಣ್ಣು, ಜಾತ್ರೆಯ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವ ಪಂಥ, ಚೀಲ ಹೊರುವ ಪೈಪೋಟಿ ಈ ಸೀಮೆಯ ಬದುಕಿನ ಭಾಗ. ಕಬಡ್ಡಿ, ಖೋಖೋ, ವಾಲಿಬಾಲ್ ಪಂದ್ಯ ಹಗಲು ರಾತ್ರಿ ನಡೆದರೂ ನೋಡಲು ಜನ ತುಂಬುತ್ತಾರೆ. ಕಲ್ಲು ಎತ್ತುವ ಪೈಲ್ವಾನನ ಹೆಗಲಿಗೂ ವೇಟ್‌ಲಿಫ್ಟಿಂಗ್ ವೇದಿಕೆಗೂ ನಡುವೆ ಇರುವುದು ಒಬ್ಬ ತರಬೇತುದಾರ, ಒಂದು ಬಾರ್‌ಬೆಲ್, ಒಂದು ತೂಕದ ಪಟ್ಟಿ ಮಾತ್ರ. ಗುರುರಾಜ ಪೂಜಾರಿಯ ಬದುಕು ಸಾರುವುದು ಅದನ್ನೇ.

ತೋರಣಗಲ್ಲು ಕಲಿಸುವುದು

ನಮ್ಮ ನೆರೆಯಲ್ಲೇ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ವಿಜಯನಗರ ಉಪನಗರದಲ್ಲಿ, 2018ರ ಆಗಸ್ಟ್ 15ರಂದು ಜೆಎಸ್‌ಡಬ್ಲ್ಯು ಸಂಸ್ಥೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆರಂಭವಾಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್, ಈಜು ಇಲ್ಲಿನ ವಿಭಾಗಗಳು. ನೀರಜ್ ಚೋಪ್ರಾ ಇಲ್ಲಿ ಅಭ್ಯಾಸ ಮಾಡಿದ್ದಾರೆ. ಹಳೆಯ ಅವಿಭಜಿತ ಬಳ್ಳಾರಿ ಜಿಲ್ಲೆಯ ನೆಲದ ಮೇಲೆ ಒಲಿಂಪಿಕ್ ಚಾಂಪಿಯನ್ ಬೆವರು ಸುರಿಸಿದ್ದು ನಮಗೆಲ್ಲ ಹೆಮ್ಮೆಯ ಮಾತು.

ಹೆಮ್ಮೆಯ ಜೊತೆಗೆ ಅಲ್ಲಿಂದ ಕಲಿಯುವುದೂ ಇದೆ. ಅಲ್ಲಿ ಪ್ರತಿಯೊಬ್ಬ ಕ್ರೀಡಾಪಟುವಿನ ಓಟ, ಎಸೆತ, ತೂಕ, ಊಟ, ನಿದ್ದೆ, ಗಾಯ ಎಲ್ಲವೂ ಅಳೆಯಲ್ಪಟ್ಟು ದಾಖಲಾಗುತ್ತವೆ. ಅಷ್ಟು ಯಂತ್ರಗಳು ತಾಲ್ಲೂಕು ಕೇಂದ್ರಗಳಿಗೆ ಬೇಡ. ಒಂದು ಸ್ಟಾಪ್‌ವಾಚ್, ಒಂದು ಅಳತೆ ಟೇಪು, ಒಂದು ದಪ್ಪ ರಿಜಿಸ್ಟರ್ ಸಾಕು. ರಾಜ್ಯದ ಕ್ರೀಡಾ ವಸತಿ ನಿಲಯಗಳು ಮಕ್ಕಳನ್ನು ಆಯ್ಕೆ ಮಾಡುವುದೂ ಓಟದ ಸಮಯ, ನಿಂತಲ್ಲಿಂದ ಜಿಗಿದ ದೂರ, ಎತ್ತರಗಳ ಪರೀಕ್ಷೆಯಿಂದಲೇ. ಆ ಪರೀಕ್ಷೆಗೆ ನಮ್ಮ ಮಕ್ಕಳು ಮೊದಲ ಸಲ ಗಡಿಯಾರ ಕಾಣುವಂತಾಗಬಾರದು.

ಸಣ್ಣ ದೇಶಗಳು ಮಾಡಿದ್ದು

ಜಮೈಕಾದ ಜನಸಂಖ್ಯೆ ಸುಮಾರು 28 ಲಕ್ಷ. ಅಲ್ಲಿನ ಹೈಸ್ಕೂಲುಗಳ ಅಥ್ಲೆಟಿಕ್ಸ್ ಕೂಟ 1910ರಿಂದ ನಡೆದು ಬಂದಿದೆ. ‘ಚಾಂಪ್ಸ್’ ಎಂದು ಕರೆಯುವ ಆ ಕೂಟಕ್ಕೆ ಕ್ರೀಡಾಂಗಣ ತುಂಬುತ್ತದೆ, ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ, ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಯ ಬಣ್ಣದ ಅಂಗಿ ತೊಟ್ಟು ಬರುತ್ತಾರೆ. ಪ್ರತಿ ಓಟದ ಕೂಟ ದಾಖಲೆ ಎಷ್ಟು, ಯಾರದು, ಯಾವ ವರ್ಷದ್ದು ಎಂಬುದು ಮಕ್ಕಳ ಬಾಯಲ್ಲಿರುತ್ತದೆ. ಉಸೇನ್ ಬೋಲ್ಟ್ ಅಲ್ಲಿಂದ ಬಂದವನು. ಶಾಲೆಯ ಓಟವನ್ನು ಇಡೀ ದೇಶ ಇಷ್ಟು ಗಂಭೀರವಾಗಿ ತೆಗೆದುಕೊಂಡಿತು ಎಂಬುದೇ ಆ ದೇಶದ ಪದಕಗಳ ಬೇರು.

ನಮ್ಮ ಐದು ತಾಲ್ಲೂಕುಗಳು ಇದೇ ವರ್ಷ ಮಾಡಬಹುದಾದ ಕೆಲಸಗಳು ಹೆಚ್ಚೇನಿಲ್ಲ. ತಾಲ್ಲೂಕು ಕೂಟದ ಪ್ರತಿ ಓಟದ ಸಮಯ, ಪ್ರತಿ ಜಿಗಿತ ಮತ್ತು ಎಸೆತದ ದೂರವನ್ನು ಮೊದಲ ಆರು ಮಂದಿಯವರೆಗೆ ಬರೆದಿಡಬೇಕು. ಆ ರಿಜಿಸ್ಟರನ್ನು ಅಧಿಕಾರಿ ವರ್ಗವಾದರೂ, ಜಿಲ್ಲೆ ಬದಲಾದರೂ ಕಳೆದುಹೋಗದಂತೆ ತಾಲ್ಲೂಕಿನಲ್ಲೇ ಇಡಬೇಕು. ತಾಲ್ಲೂಕು ದಾಖಲೆಗಳನ್ನು ಕ್ರೀಡಾಂಗಣದ ಗೋಡೆಯ ಮೇಲೆ ಹೆಸರು, ಊರು, ವರ್ಷದ ಸಮೇತ ಬರೆಸಬೇಕು. ಜಾತ್ರೆಗೆ ಕುಸ್ತಿ ಕಣ ಹಾಕಿಸುವ ಊರಿನ ಹಿರಿಯರು ಅದರ ಜೊತೆಗೆ ಹುಡುಗಿಯರ ಓಟವೊಂದನ್ನು ಸೇರಿಸಬೇಕು. ಹತ್ತನೇ ತರಗತಿಯ ನಂತರ ಓಡುವುದನ್ನು ನಿಲ್ಲಿಸದಂತೆ ಆ ಹುಡುಗಿಯ ಕಾಲೇಜು ಶುಲ್ಕ, ಬೂಟಿನ ಖರ್ಚನ್ನು ಯಾರಾದರೂ ವಹಿಸಿಕೊಳ್ಳಬೇಕು.

ಬೆಳಗಾವಿಯ ಚೌಗುಲೆ, ಬೆಂಗಳೂರಿನ ಅಹ್ಮದ್ ಖಾನ್, ಕೊಡಗಿನ ಗಣೇಶ್, ಹಾಸನದ ಗಿರೀಶ್ ಬೇರೆ ಬೇರೆ ನೆಲದಿಂದ ಬಂದವರು. ಅವರಿಗೂ ನಮ್ಮ ಮೈದಾನಗಳಲ್ಲಿ ಓಡುತ್ತಿರುವ ಮಕ್ಕಳಿಗೂ ಇರುವ ಅಂತರ ಶಕ್ತಿಯದಲ್ಲ, ಕೈಹಿಡಿದು ಮುಂದಿನ ಮೆಟ್ಟಿಲು ಹತ್ತಿಸುವವರದ್ದು. ಫಿಜಿಗಿಂತ ಹೆಚ್ಚು ಜನರಿರುವ ಈ ಜಿಲ್ಲೆ ತನ್ನ ಮಕ್ಕಳ ಓಟವನ್ನು ಅಳೆದು, ಬರೆದು, ಕಾಪಾಡಲು ಮನಸ್ಸು ಮಾಡಿದರೆ, ಮುಂದೊಂದು ದಿನ ಇಂಥದೇ ಲೇಖನ ಬರೆಯುವವರು ಹೊರಗಿನ ಹೆಸರುಗಳನ್ನು ಹುಡುಕಬೇಕಾಗುವುದಿಲ್ಲ, ತಾಲ್ಲೂಕಿನ ರಿಜಿಸ್ಟರ್ ತೆರೆದರೆ ಸಾಕು. ಆ ಕೆಲಸ ಬರುವ ಆಗಸ್ಟಿನ ಕೂಟದಿಂದಲೇ ಆರಂಭವಾಗಲಿ.